ಬೆಳಕಿಂಡಿಯ ಕಲ್ಲು

೫ ಮೇ ೧೯೮೧, ಮಂಗಳವಾರ. ರಾಯಚೂರು

ಚೀಲ ಕಟ್ಟಿಯಾಯಿತು. ನಾಳೆ ಬೆಳಗಿನ ಬಸ್ಸಿಗೆ ದೇವದುರ್ಗ. ಅಲ್ಲಿ ಬೀಗರ ಮನೆಯಲ್ಲಿ ಎರಡು ದಿನ, ಆಮೇಲೆ ಮಾನ್ವಿಯಲ್ಲಿ ಮಗಳು ನಾಗುವಿನ ಮನೆ, ಮೂರು ದಿನ. ಹನ್ನೆರಡನೇ ತಾರೀಖು ನಾಗುವನ್ನು ಕರೆದುಕೊಂಡು ಊಟದ ಹೊತ್ತಿಗೆ ಇಲ್ಲಿರುತ್ತೇನೆ. ಇಪ್ಪತ್ತಾರು ವರ್ಷ ಶಾಲೆಯಲ್ಲಿ ವೇಳಾಪಟ್ಟಿ ಬರೆದವಳು ನಾನು. ನನ್ನ ರಜೆಯೂ ಗಂಟೆ ಬಾರಿಸಿದ ಹಾಗೆ ನಡೆಯುತ್ತದೆ.

ಚೊಚ್ಚಲ ಬಸುರಿಯನ್ನು ಏಳನೇ ತಿಂಗಳಲ್ಲೇ ತವರಿಗೆ ಕರೆತರಬೇಕಿತ್ತು ಎಂದು ಓಣಿಯ ಹೆಂಗಸರೆಲ್ಲ ಹೇಳಿಯಾಗಿದೆ. ಹೇಳಲಿ. ಶಾಲೆಯ ಪರೀಕ್ಷೆ ಅವರು ನಡೆಸುತ್ತಿದ್ದರೇ? ಹೆರಿಗೆ ಜೂನ್ ಮೊದಲ ವಾರ. ಬೇಕಾದಷ್ಟು ಸಮಯವಿದೆ.

ಚಿಂತೆ ಮನೆಯದು. ಮಗಳ ಬಾಣಂತನಕ್ಕೆ ನಡುಮನೆ ತಂಪಾಗಿರಬೇಕು. ಈ ಓಣಿಯಲ್ಲಿ ಅತಿ ತಂಪಾದ ಮನೆ ನನ್ನದು. ಇದು ಜಂಬವಲ್ಲ, ಮೇ ತಿಂಗಳ ಮಧ್ಯಾಹ್ನ ನಮ್ಮ ಕಲ್ಲುಹಾಸಿನ ಫರಸಿಯ ಮೇಲೆ ಕಾಲಿಟ್ಟವರನ್ನು ಕೇಳಿ ನೋಡಬೇಕು. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ ಬೇರೆಯವರಿಗೂ ಇವೆ. ಆದರೆ ಮನೆಯನ್ನು ನಡೆಸಲು ಬರಬೇಕು. ನಮ್ಮ ಯಜಮಾನರು ವಿರೂಪಣ್ಣನವರು ಹಾಕಿಕೊಟ್ಟ ಪದ್ಧತಿ ಹೀಗೆ: ಹೊತ್ತು ಏರುವ ಮೊದಲು ಪಡುವಣದ್ದೊಂದು ಬಿಟ್ಟು ಉಳಿದ ಕಿಟಕಿ ಬಾಗಿಲು ಮುಚ್ಚಿ, ಮಾಳಿಗೆಯ ಬೆಳಕಿಂಡಿಯ ಮೇಲೆ ಕಲ್ಲು ಎಳೆಯಬೇಕು. ಪಡುವಣ ಕಿಟಕಿಯ ಲಾವಂಚದ ತಟ್ಟಿಗೆ ದಿನಕ್ಕೆ ಮೂರು ಸಲ ನೀರು ಹಾಕಬೇಕು. ಹೊತ್ತು ಮುಳುಗಿದ ಮೇಲೆ ಕಲ್ಲು ಸರಿಸಿದರೆ ದಿನದ ಬಿಸಿಯೆಲ್ಲ ಆ ಬೆಳಕಿಂಡಿಯಿಂದ ಮೇಲಕ್ಕೆ ಹೋಗುತ್ತದೆ. ಅವರು ತೀರಿಕೊಂಡು ಆರು ವರ್ಷ. ನಾನು ಒಂದು ದಿನವೂ ತಪ್ಪಿಸಿಲ್ಲ.

ತಟ್ಟಿಯ ಕಿಟಕಿ ಪಕ್ಕದ ಹಸೀನಾ ಬೇಗಂ ಅಂಗಳಕ್ಕೆ ತೆರೆಯುವುದರಿಂದ ನೀರು ಹಾಕುವ ಕೆಲಸ ಅವಳಿಗೆ ವಹಿಸಿದ್ದೇನೆ. ನೋಟ್ ಬುಕ್ಕಿನ ಹಾಳೆಯಲ್ಲಿ ಒಂಬತ್ತು ಸೂಚನೆ ಬರೆದು, ಅವಳ ಹಿರಿಮಗಳಿಂದ ಗಟ್ಟಿಯಾಗಿ ಓದಿಸಿದೆ. ಒಂದು ಕೀಲಿಕೈಯನ್ನೂ ಕೊಟ್ಟೆ. ಆದರೆ ಆರನೇ ಸೂಚನೆ: ಬೆಂಕಿ ಬಿದ್ದರೆ, ಕಳ್ಳರು ಬಂದರೆ ಮಾತ್ರ ಬಾಗಿಲು ತೆಗೆಯುವುದು. ಏಳನೇ ಸೂಚನೆ: ಮಾಳಿಗೆ ಹತ್ತಕೂಡದು.

"ಟೀಚರಮ್ಮಾ, ಇದು ಮನಿ ಅದನೋ, ಬ್ಯಾಂಕ್ ಅದನೋ?" ಎಂದು ನಕ್ಕಳು.

"ನಗಬ್ಯಾಡ. ಆರನೇದು ಇನ್ನೊಮ್ಮೆ ಹೇಳು" ಎಂದೆ. ಹೇಳಿದಳು.

ಕೋಟೆಯ ಗುಡ್ಡದಿಂದ ಇಳಿದು ಬರುವ ಮಂಗಗಳ ಕಾಟಕ್ಕೆ ಬೆಳಕಿಂಡಿಯ ಕಲ್ಲಿನ ಮೇಲೆ ಇನ್ನೊಂದು ಕಲ್ಲು ಹೇರಿ ಇಳಿದಿದ್ದೇನೆ. ಮಂಗವಿರಲಿ, ಸಾಕ್ಷಾತ್ ಹನುಮಪ್ಪ ಬಂದರೂ ಅದು ಅಲುಗುವುದಿಲ್ಲ.

೭ ಮೇ, ಗುರುವಾರ. ದೇವದುರ್ಗ

ಬೀಗತಿ ಬಸವಂತಮ್ಮನವರು ಶೇಂಗಾ ಹೋಳಿಗೆ ಮಾಡಿ ಬಡಿಸಿದರು. ಕೈ ಬಿಚ್ಚಿ ತುಪ್ಪ ಹಾಕುವ ಹೆಂಗಸು, ಒಪ್ಪಬೇಕು. ಮಾತೂ ಹಾಗೆಯೇ, ಬೇಡ ಎಂದರೂ ಬಡಿಸುತ್ತಾರೆ. ಸೊಸೆಯನ್ನು ಕಳಿಸಿಕೊಡಿ ಎಂದು ಪದ್ಧತಿಯ ಪ್ರಕಾರ ಕೇಳಿದೆ.

"ಕರಕೊಂಡು ಹೋಗ್ರಿ, ತವರುಮನಿ ಅಲ್ಲೇನ್ರೀ? ಆದ್ರ ಬಾಣಂತೀನ ಬೆಚ್ಚಗ ಇಡ್ರಿ. ಹೊರಸಿನ ಕೆಳಗ ಎರಡು ಹೊತ್ತು ಕೆಂಡ ಇರಬೇಕು. ನಿಮ್ಮ ಮನಿ ಭಾಳ ತಂಪು ಅಂತ ಕೇಳೀನಿ" ಎಂದರು. ತಂಪು ಎನ್ನುವುದನ್ನು ಯಾರೋ ಸತ್ತ ಸುದ್ದಿಯ ಹಾಗೆ ಹೇಳಿದರು.

ನಾನು ಬಿಡಲಿಲ್ಲ. ಹದಿನೈದು ದಿನ ಕೀಲಿ ಹಾಕಿಟ್ಟರೂ ನನ್ನ ಮನೆ ಕಾಯುವುದಿಲ್ಲ, ಬಾಗಿಲು ತೆಗೆದರೆ ಗಡಿಗೆಯ ನೀರಿನ ಹಾಗಿರುತ್ತದೆ ಎಂದು ಸವಿಸ್ತಾರವಾಗಿ ವಿವರಿಸಿದೆ. ಅವರು ಕೇಳುತ್ತ ಕೇಳುತ್ತ ಇನ್ನೊಂದು ಹೋಳಿಗೆ ಹಾಕಿದರು.

೯ ಮೇ, ಶನಿವಾರ. ಮಾನ್ವಿ

ಅಳಿಯ ಗಡಿಗೆಪ್ಪ ಕಾಲುವೆ ಇಲಾಖೆಯಲ್ಲಿ ಓವರ್‌ಸಿಯರ್. ಒಳ್ಳೆಯ ಹುಡುಗ, ನೌಕರಿಯೂ ಒಳ್ಳೆಯದು. ಆದರೆ ಇವರಿಗೆ ಕೊಟ್ಟಿರುವ ಕ್ವಾರ್ಟರ್ಸ್ ಇದೆಯಲ್ಲ, ಅದು ಮನೆಯಲ್ಲ, ತಗಡಿನ ಡಬ್ಬಿ. ಗೋಡೆ ಒಂದೇ ಇಟ್ಟಿಗೆಯದು. ಹನ್ನೊಂದು ಗಂಟೆಗೆ ತಗಡು ಟಣ್ ಟಣ್ ಎಂದು ಸದ್ದು ಮಾಡಲು ಶುರು ಮಾಡುತ್ತದೆ. ಫ್ಯಾನು ಇದೆ, ಕರೆಂಟು ಇರುವುದಿಲ್ಲ. ನಾಗುವಿನ ಕಾಲು ಊದಿವೆ. ಒದ್ದೆ ಸೆರಗು ತಲೆಗೆ ಹಾಕಿಕೊಂಡು ಕುಳಿತಿದ್ದಳು. ನನ್ನನ್ನು ನೋಡಿ ಅಳಲಿಲ್ಲ, "ಯವ್ವಾ, ನಮ್ಮ ನಡುಮನಿ ಫರಸಿ ಮ್ಯಾಲ ಮಲಗಬೇಕು ಅನಸಾಕತ್ತದ" ಎಂದಳು. ನನಗೇ ಅಳು ಬಂತು.

ಅಳುತ್ತ ಕೂತರೆ ತಗಡು ತಣ್ಣಗಾಗುವುದಿಲ್ಲ. ಗಡಿಗೆಪ್ಪನಿಂದ ಎರಡು ಹೊರೆ ಕಣಕಿ, ಅಂದರೆ ಜೋಳದ ಒಣ ದಂಟು, ತರಿಸಿ ತಗಡಿನ ಮೇಲೆ ಹೊದಿಸಿದೆ, ನೀರು ಚಿಮುಕಿಸಿದೆ. ಕಿಟಕಿಗೆ ಗೋಣಿತಟ್ಟು ಹೊಲಿದು ಕಟ್ಟಿದೆ. ಸಂಜೆಗೆ ಸ್ವಲ್ಪ ವಾಸಿ. ಅಕ್ಕಪಕ್ಕದ ಓವರ್‌ಸಿಯರರ ಹೆಂಡಿರು ಬಂದು ನೋಡಿ, ತಾವೂ ಕಣಕಿ ತರಿಸುತ್ತೇವೆ ಎಂದರು. ಒಂದು ದಿನದಲ್ಲಿ ಅರ್ಧ ಕಾಲೋನಿಗೆ ಪಾಠ ಮಾಡಿದಂತಾಯಿತು.

ಇನ್ನು ಎರಡೇ ದಿನ. ಆಮೇಲೆ ರಾಯಚೂರು.

೧೧ ಮೇ, ಸೋಮವಾರ. ಮಾನ್ವಿ

ಹೆಣ್ಣು ಕೂಸು. ಬೆಳಗಿನ ಐದೂವರೆಗೆ, ಇಲ್ಲಿಯ ಆಸ್ಪತ್ರೆಯಲ್ಲಿ. ಮೂರು ವಾರ ಮೊದಲೇ ಬಂದುಬಿಟ್ಟಿದೆ. ಸಣ್ಣದು, ಆದರೆ ಅಳು ದೊಡ್ಡದು. ನಾಗು ಚೆನ್ನಾಗಿದ್ದಾಳೆ. ವೇಳಾಪಟ್ಟಿ ಹರಿದುಹೋಯಿತು. ಹೋಗಲಿ, ಹೊಸದು ಬರೆದರಾಯಿತು.

೧೩ ಮೇ, ಬುಧವಾರ

ಬಸವಂತಮ್ಮನವರು ದೇವದುರ್ಗದಿಂದ ಬಂದಿಳಿದರು. ಒಂದು ಕೈಯಲ್ಲಿ ಬಾಣಂತಿಗೆಂದು ಕಟ್ಟಿದ ಅಳ್ವಿ ಉಂಡಿಯ ಡಬ್ಬಿ, ಇನ್ನೊಂದು ಕೈಯಲ್ಲಿ ಗೋಣಿಚೀಲ. ಚೀಲದಲ್ಲಿ ಮೂರು ಕಾಲಿನ ಕಬ್ಬಿಣದ ಅಗ್ಗಿಷ್ಟಿಗೆ! ಅವರ ಅತ್ತೆಯ ಕಾಲದ್ದಂತೆ. ಮನೆಯ ಆರು ಬಾಣಂತನ ಅದರ ಮೇಲೆಯೇ ಆಗಿವೆಯಂತೆ.

ನಾಗು ಮಲಗಿದ್ದ ಹೊರಸಿನ ಕೆಳಗೆ ಕೆಂಡ ಇಟ್ಟರು. ನಾನು ತೆಗೆದೆ. ಮತ್ತೆ ಇಟ್ಟರು.

"ಬೀಗತೀ, ಮ್ಯಾಲ ತಗಡು ಕಾದದ, ಕೆಳಗ ಕೆಂಡ. ನಡುವ ಇರೋದು ರೊಟ್ಟಿ ಅಲ್ಲ, ನನ್ನ ಮಗಳು" ಎಂದೆ.

"ಥಂಡಿ ಹೊಕ್ಕರ ಬಾಣಂತಿ ಮುಪ್ಪಿನ ತನಕ ನರಳ್ತಾಳ್ರೀ. ನೀವು ಸಾಲಿ ಮಾಸ್ತರಿಣಿ, ನಿಮಗ ಪುಸ್ತಕ ಗೊತ್ತು. ನನಗ ಆರು ಬಾಣಂತನ ಗೊತ್ತವ" ಎಂದರು.

ಸಿಟ್ಟು ನೆತ್ತಿಗೇರಿತು. ಆದರೆ ಅವರು ಆ ಆರು ಬಾಣಂತನದಲ್ಲಿ ಇಬ್ಬರು ಸೊಸೆಯರನ್ನು ಕಳೆದುಕೊಂಡವರು ಎಂದು ಗಡಿಗೆಪ್ಪ ಆಮೇಲೆ ಹೇಳಿದ, ಇಬ್ಬರಿಗೂ ಚಳಿ ಬಂದು ಮೈ ನಡುಗಿತ್ತಂತೆ. ಹೆಂಗಸು ಹಟದಿಂದ ಮಾಡುತ್ತಿಲ್ಲ, ಹೆದರಿ ಮಾಡುತ್ತಿದ್ದಾರೆ. ಬೆಳಗ್ಗೆ ಅರ್ಧ ಗಂಟೆ ಕೆಂಡ, ಆಮೇಲೆ ಅಂಗಳಕ್ಕೆ ಎಂದು ಒಪ್ಪಂದವಾಯಿತು.

೧೪ ಮೇ, ಗುರುವಾರ

ಬರೆಯಲೋ ಬೇಡವೋ ಎಂದು ಯೋಚಿಸಿದೆ. ಇದು ನನ್ನ ಪುಸ್ತಕ, ಇನ್ನಾರು ಓದುತ್ತಾರೆ?

ಬೆಳಗ್ಗೆ ಬಸವಂತಮ್ಮನವರು ನುಚ್ಚಿನ ಗಡಿಗೆಗೆ ತಟ್ಟೆ ಮುಚ್ಚಿದರು. ಒಳಗಿನ ಹಬೆ ಹೋಗಲು ದಾರಿಯಿಲ್ಲದೆ ತಟ್ಟೆ ಕುಣಿಯತೊಡಗಿತು. ಅದನ್ನೇ ನೋಡುತ್ತ ನಿಂತವಳಿಗೆ ತಟ್ಟನೆ ನೆನಪಾಯಿತು. ಬೆಳಕಿಂಡಿ! ಮಂಗಕ್ಕೆ ಹೆದರಿ ಎರಡು ಕಲ್ಲು ಹೇರಿ ಬಂದವಳು ನಾನೇ. ಹೊತ್ತು ಮುಳುಗಿದ ಮೇಲೆ ಅದನ್ನು ಸರಿಸುವವರು ಯಾರು? ಮಾಳಿಗೆ ಹತ್ತಕೂಡದು ಎಂದು ನಾನೇ ಬರೆದಿದ್ದೇನೆ. ಮೇಲೆ ದಾರಿಯಿಲ್ಲದಿದ್ದರೆ ತಟ್ಟಿಯ ತಂಪು ಗಾಳಿ ಒಳಗೆ ಬರುವುದಾದರೂ ಹೇಗೆ? ಎಂಟು ದಿನದ ಬಿಸಿಲು ಒಳಗೇ ಕೂತಿದೆ. ಗೋಡೆಗಳೆಲ್ಲ ಕಾದಿರುತ್ತವೆ. ದಪ್ಪ ಗೋಡೆ ತಡವಾಗಿ ಕಾಯುತ್ತದೆ, ಒಮ್ಮೆ ಕಾದರೆ ತಡವಾಗಿಯೇ ಆರುತ್ತದೆ. ಇದನ್ನು ಯಜಮಾನರು ನೂರು ಸಲ ಹೇಳಿದ್ದರು.

ಹಸೀನಾಗೆ ಕಾರ್ಡು ಬರೆದು ಡಬ್ಬಿಗೆ ಹಾಕಿದೆ: ದಯವಿಟ್ಟು ಮಾಳಿಗೆ ಹತ್ತಿ ಎರಡೂ ಕಲ್ಲು ತೆಗೆಸು. ಯಾವಾಗ ಮುಟ್ಟುತ್ತದೋ. ಯಾರಿಗೂ ಹೇಳಿಲ್ಲ. ಹೇಳುವಂಥದ್ದೇನೂ ಅಲ್ಲ.

೧೬ ಮೇ, ಶನಿವಾರ

ಕೂಸು ನಿನ್ನೆ ಮಧ್ಯಾಹ್ನದಿಂದ ಸರಿಯಾಗಿ ಹಾಲು ಕುಡಿಯುತ್ತಿಲ್ಲ. ಮೈ ಸುಡುತ್ತಿದೆ. ಅಳುವುದನ್ನೂ ನಿಲ್ಲಿಸಿದೆ, ಅದೇ ನನಗೆ ಹೆಚ್ಚಿನ ಭಯ. ಬೆಳಗಿನಿಂದ ಒಂದು ಸಲವೂ ಬಟ್ಟೆ ಒದ್ದೆಯಾಗಿಲ್ಲ. ಕಣಕಿ ಒಣಗಿ ಸುತ್ತಿಕೊಂಡಿದೆ, ನಲ್ಲಿಯಲ್ಲಿ ನೀರಿಲ್ಲ.

ಆಸ್ಪತ್ರೆಗೆ ಒಯ್ದೆವು. ಡಾಕ್ಟರು ವಯಸ್ಸಾದವರು, ಕೂಸಿನ ನೆತ್ತಿ ಮುಟ್ಟಿ ನೋಡಿದರು. "ಕೂಸಿಗೆ ರೋಗ ಇಲ್ರೀ, ನೀವಿರೋ ಕೋಣಿಗೆ ರೋಗ ಅದ. ತಂಪು ಜಾಗಾದಾಗ ಇಡ್ರಿ, ಘಳಿಗಿಗೊಮ್ಮೆ ಎದಿ ಹಾಲು ಕೊಡ್ರಿ, ಹಿಂಡಿ ಚಮಚದಾಗ ಆದ್ರೂ ಹಾಕ್ರಿ. ತಂಪು ಜಾಗಾ ಎಲ್ಯಾರ ಅದನೇನು?"

"ರಾಯಚೂರಿನಾಗ ನಮ್ಮ ಮನಿ ಅದ" ಎಂದೆ. ಬಾಯಿಂದ ತಾನಾಗಿ ಬಂತು.

"ಹಂಗಾದ್ರ ನಾಳೆ ನಸುಕಿನ ಬಸ್ಸಿಗೆ ಹೋಗ್ರಿ, ಬಿಸಿಲು ಏರಿಸಬ್ಯಾಡ್ರಿ. ದೊಡ್ಡ ಆಸ್ಪತ್ರೆನೂ ಅಲ್ಲೇ ಅದ, ಮೊದಲು ಅಲ್ಲಿ ತೋರಿಸಿ ಮನೀಗೆ ಹೋಗ್ರಿ" ಎಂದರು. ಸಂಜೆಯವರೆಗೆ ತಮ್ಮ ಕೋಣೆಯಲ್ಲೇ ಇರಿಸಿಕೊಂಡು ಎರಡು ಸಲ ಚಮಚದಲ್ಲಿ ಹಾಲು ಕುಡಿಸಿದರು.

ಮನೆಗೆ ಬಂದು ಬಸವಂತಮ್ಮನವರು ಬಾಗಿಲಿಗೆ ಅಡ್ಡ ಕುಳಿತರು. ಹನ್ನೊಂದು ದಿನ ತುಂಬುವ ತನಕ ಬಾಣಂತಿ ಹೊಸ್ತಿಲು ದಾಟುವುದಿಲ್ಲ. ಗಡಿಗೆಪ್ಪ ನನ್ನ ಮುಖ, ತಾಯಿಯ ಮುಖ ನೋಡುತ್ತ ನಿಂತ. ಆಮೇಲೆ ಅವರು ಹನ್ನೊಂದು ದಿನದ ಮಾತು ಬಿಟ್ಟು ಬೇರೆಯದೇ ಕೇಳಿದರು.

"ಒಂದು ಮಾತು ಹೇಳ್ರಿ ಬೀಗತೀ. ನಿಮ್ಮ ಮನಿ ಹತ್ತು ದಿನದಿಂದ ಕೀಲಿ ಹಾಕೇದ. ನಿಜವಾಗ್ಲೂ ತಂಪು ಇರ್ತದೇನು? ನಮ್ಮ ಕೂಸಿನ ಆಣಿ ಮಾಡಿ ಹೇಳ್ರಿ. ನೀವು ಹೇಳಿದ್ರ ನಾನು ಏಳ್ತೀನಿ."

ಆಣೆ ಮಾಡಲಿಲ್ಲ. "ಇರ್ತದ" ಎಂದೆ. ಅವರು ಎದ್ದು ಬಟ್ಟೆ ಕಟ್ಟಲು ಹೋದರು. ನನ್ನನ್ನು ನಂಬಿದರು. ಇಷ್ಟು ದಿನ ವಾದಿಸಿದಾಗ ನಂಬದವರು ಸುಳ್ಳು ಹೇಳಿದಾಗ ನಂಬಿದರು. ಆದರೆ ಇಲ್ಲಿದ್ದರೆ ಕೂಸು ಉಳಿಯುವುದಿಲ್ಲ, ಇಷ್ಟು ಮಾತ್ರ ಸುಳ್ಳಲ್ಲ.

೧೭ ಮೇ, ರವಿವಾರ. ರಾಯಚೂರು

ಇವತ್ತಿನದನ್ನು ಇವತ್ತೇ ಬರೆಯಬೇಕು.

ನಸುಕಿನ ಬಸ್ಸು. ಕಿಟಕಿಗೆ ಗಡಿಗೆಪ್ಪನ ಧೋತರ ಒದ್ದೆ ಮಾಡಿ ಕಟ್ಟಿದೆವು. ಸೀಟೆಲ್ಲ ನೀರಾಯಿತು ಎಂದು ಕಂಡಕ್ಟರು ಗೊಣಗಿದ. ಕೂಸನ್ನು ನೋಡಿದ ಮೇಲೆ ತನ್ನ ಕುಡಿಯುವ ನೀರನ್ನೇ ತಂದು ಧೋತರಕ್ಕೆ ಸುರಿದ. ಬಸವಂತಮ್ಮನವರು ದಾರಿಯುದ್ದಕ್ಕೂ ಕೂಸಿನ ಮುಖಕ್ಕೆ ಸೆರಗಿನಿಂದ ಗಾಳಿ ಹಾಕಿದರು. ಥಂಡಿಯ ಮಾತೇ ಎತ್ತಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ನೋಡಿ, ಹಾಲು ಹಿಂಡಿ ಕುಡಿಸುತ್ತಿರಿ, ಸಂಜೆಯೊಳಗೆ ಬಟ್ಟೆ ಒದ್ದೆಯಾಗದಿದ್ದರೆ ತಿರುಗಿ ತನ್ನಿ ಎಂದರು. ಅಲ್ಲಿಂದ ಟಾಂಗಾ.

ಓಣಿ ಹತ್ತಿರವಾದ ಹಾಗೆ ಸೊಂಟದ ಕೀಲಿಕೈ ಬಿಚ್ಚಿ ಹಿಡಿದುಕೊಂಡೆ. ಬಾಗಿಲು ತೆಗೆದ ಕೂಡಲೇ ಬಿಸಿ ಮುಖಕ್ಕೆ ಹೊಡೆಯುತ್ತದೆ, ಬಸವಂತಮ್ಮ ನನ್ನ ಕಡೆ ನೋಡುತ್ತಾರೆ. ಆಗ ಏನು ಹೇಳಲಿ? ಅವರಿಗೆ ಬಿಡು, ನಾಗುವಿಗೆ ಏನು ಹೇಳಲಿ?

ಬಾಗಿಲಿಗೆ ಕೀಲಿಯೇ ಇರಲಿಲ್ಲ.

ಕಳ್ಳರು ಎಂದುಕೊಂಡೆ. ದೂಡಿದೆ. ಒಳಗಿಂದ ಲಾವಂಚದ ವಾಸನೆ, ಒದ್ದೆ ಫರಸಿಯ ವಾಸನೆ. ಕಾಲಿಟ್ಟರೆ ಗಡಿಗೆಯ ನೀರಿನ ಹಾಗೆ ತಂಪು! ಪಡಸಾಲೆಯಲ್ಲಿ ಹಸೀನಾಳ ಇಬ್ಬರು ಹೆಣ್ಣುಮಕ್ಕಳು ಕುಂಟಾಟದ ಚೌಕ ಬರೆದುಕೊಂಡು ಆಡುತ್ತಿದ್ದರು. ನಡುಮನೆಯಲ್ಲಿ ಯಜಮಾನರ ಹೊರಸಿನ ಮೇಲೆ ಹಸೀನಾಳ ಅತ್ತೆ, ಉಬ್ಬಸದ ಮುದುಕಿ ಹೀರಾಬಿ, ಮಲಗಿದ್ದಳು. ಆರು ವರ್ಷದಿಂದ ಆ ಹೊರಸಿನ ಮೇಲೆ ನಾನೂ ಮೈ ಚಾಚಿಲ್ಲ.

ಹಸೀನಾ ಕೈಯಲ್ಲಿ ಕಸಬರಿಗೆ ಹಿಡಿದು ಹಿತ್ತಲಿನಿಂದ ಬಂದವಳು ನನ್ನನ್ನು ನೋಡಿ ನಿಂತುಬಿಟ್ಟಳು.

"ಟೀಚರಮ್ಮಾ, ಆರನೇದೂ ಮುರಿದೀನಿ, ಏಳನೇದೂ ಮುರಿದೀನಿ. ಬೈಯ್ರಿ. ಮೂರನೇ ದಿನ ತಟ್ಟಿಗೆ ನೀರು ಹಾಕಾಕ ಬಂದ್ರ ಕಿಟಕಿಯಾಗಿಂದ ಹಬಿ ಮುಖಕ್ಕ ಹೊಡೀತು. ಬೆಂಕಿ ಬಿದ್ರ ತೆಗಿ ಅಂದಿದ್ರಿ. ಒಳಗ ಬೆಂಕಿನೇ ಇತ್ರೀ. ನಮ್ಮ ಯಜಮಾನ್ರು ಮ್ಯಾಲ ಹತ್ತಿ ಕಲ್ಲು ತೆಗದ್ರು. ಆಮ್ಯಾಲ ದಿನಾ ಸಂಜೀಗೆ ತೆಗಿಬೇಕು, ಮುಂಜಾನಿ ಮುಚ್ಚಬೇಕು, ಫರಸಿ ಒರಸಬೇಕು. ಹೆಂಗೂ ದಿನಾ ಬರೋದು ಅದ, ಈ ಅಮ್ಮಿಗೆ ಶೆಕಿಗೆ ಉಸಿರು ಹಿಡಿಯಾಕತ್ತಿತ್ತು, ಇಲ್ಲೇ ಕರಕೊಂಡು ಬಂದೆ…"

ಅವಳ ಮಾತು ಮುಗಿಯುವ ಮೊದಲೇ ಹೀರಾಬಿ ಹೊರಸಿನಿಂದ ಇಳಿದು, ಹಾಸಿಗೆ ಜಾಡಿಸಿ, ನಾಗುವಿನ ಕೈ ಹಿಡಿದಳು. "ಬಾ ಬೇಟಿ, ಇಲ್ಲಿ ಮಲಗು. ಜಾಗಾ ತಂಪು ಮಾಡಿ ಇಟ್ಟೀನಿ."

ನಾನು ಬೈಯಲಿಲ್ಲ. ಬೈಯಲು ಬಾಯಿ ತೆರೆದದ್ದು ನಿಜ, ಅಳು ಬಂದುಬಿಟ್ಟಿತು. ಹಸೀನಾಳ ಹೆಗಲ ಮೇಲೆ ತಲೆಯಿಟ್ಟು ಅತ್ತೆ, ಅವಳ ಕಸಬರಿಗೆ ನನ್ನ ಬೆನ್ನಿಗೆ ಚುಚ್ಚುತ್ತಿತ್ತು.

ಹನ್ನೆರಡು ಗಂಟೆಗೆ ಕೂಸು ಬಾಯಿ ಹಾಕಿ ಹಾಲು ಕುಡಿಯಿತು. ಎರಡು ಗಂಟೆಗೆ ಬಸವಂತಮ್ಮನವರ ಮಡಿಲು ಒದ್ದೆ ಮಾಡಿತು. ಅವರು ಆ ಒದ್ದೆ ಸೀರೆಯಲ್ಲೇ ಎದ್ದು ಎಲ್ಲರಿಗೂ ತೋರಿಸಿಕೊಂಡು ಬಂದರು.

೨೦ ಮೇ, ಬುಧವಾರ

ಕೂಸಿನ ಮೈ ತಣ್ಣಗಿದೆ. ಅಳು ಓಣಿಯ ಕೊನೆಗೆ ಕೇಳುತ್ತದೆ.

ಇವತ್ತು ನನ್ನ ಕಾರ್ಡು ಬಂದು ಮುಟ್ಟಿತು. ಹಸೀನಾಳ ಹಿರಿಮಗಳು ನಡುಮನೆಯಲ್ಲಿ ನಿಂತು, ಪರೀಕ್ಷೆಗೆ ಓದುವ ಹಾಗೆ ಓದಿದಳು. ದಯವಿಟ್ಟು ಮಾಳಿಗೆ ಹತ್ತಿ ಎರಡೂ ಕಲ್ಲು ತೆಗೆಸು. ಬಸವಂತಮ್ಮನವರು ತಾರೀಖು ಕೇಳಿದರು. ಹದಿನಾಲ್ಕು ಎಂದಳು ಹುಡುಗಿ. ನಾನು ಇರ್ತದ ಎಂದದ್ದು ಹದಿನಾರಕ್ಕೆ.

ಬೀಗತಿ ಹುಡುಗಿಯ ಕೈಯಿಂದ ಕಾರ್ಡು ಇಸಿದುಕೊಂಡರು. "ಆಣಿ ಮಾಡ್ರಿ ಅಂದ್ರ ಯಾಕ ಮಾಡಲಿಲ್ಲ ಅಂತ ಬಸ್ಸಿನಾಗ ಯೋಚನಿ ಮಾಡಾಕತ್ತಿದ್ದೆ" ಎಂದರು.

"ಗೊತ್ತಿದ್ದೂ ಬಂದ್ರೇನು?"

"ನಿಮ್ಮ ಮಾರಿ ನೋಡಿದ್ರ ಗೊತ್ತಾಗ್ತಿತ್ತು. ನಾನೂ ಹೆದರಿದಾಗ ಹಿಂಗ ಗಟ್ಟಿ ಮಾತಾಡ್ತೀನಿ." ಇಷ್ಟು ಹೇಳಿ ಅಳ್ವಿ ಉಂಡಿಯನ್ನು ಬೇಡವೆಂದರೂ ನನ್ನ ಕೈಗಿಟ್ಟರು.

ಹೊಸ ಸೂಚನೆಗಳನ್ನು ಬರೆಯೋಣ ಎಂದು ಹಾಳೆ ತೆಗೆದುಕೊಂಡೆ. ಮಂಗ ಬರುತ್ತದೆ ಎಂದು ಹೆದರಬಾರದು, ಇಷ್ಟೇ ಹೊಳೆಯಿತು.

೧ ಜೂನ್, ಸೋಮವಾರ

ಶಾಲೆ ಶುರು. ಎರಡನೇ ತರಗತಿಗೆ ನಲವತ್ತೊಂದು ಮಕ್ಕಳು, ಬೆಂಚು ಹದಿನಾಲ್ಕು. ನಾನೇ ಸರಿಮಾಡುತ್ತೇನೆ, ಬೇರೆ ಯಾರಿಂದ ಆಗುತ್ತದೆ.

ಬಸವಂತಮ್ಮನವರು ಇನ್ನೂ ಇಲ್ಲೇ ಇದ್ದಾರೆ. ಸೊಸೆಯ ತವರುಮನೆಯಲ್ಲಿ ಅತ್ತೆ ಬಾಣಂತನ ಮಾಡುವುದು ಎಲ್ಲಿಯ ಪದ್ಧತಿ ಎಂದು ಓಣಿಯವರು ಕೇಳುತ್ತಾರೆ. ಹೇಳಲಿ, ಕೇಳಲಿ. ಅಗ್ಗಿಷ್ಟಿಗೆ ಸಂಜೆ ಸೊಳ್ಳೆಗೆ ಲೋಬಾನದ ಹೊಗೆ ಹಾಕಲು ಹಸೀನಾಳ ಮನೆಗೂ ನಮ್ಮ ಮನೆಗೂ ಓಡಾಡುತ್ತಿದೆ. ಹೀರಾಬಿ ಮಧ್ಯಾಹ್ನ ಊಟವಾದ ಕೂಡಲೇ ಬರುತ್ತಾಳೆ, ಬರುವುದು ಐದು ನಿಮಿಷ ತಡವಾದರೆ ಬಸವಂತಮ್ಮನವರು ಗೋಡೆ ಬಡಿಯುತ್ತಾರೆ. ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು, ನನ್ನ ಹಿಂದೆ ನನ್ನದೇ ಮಾತಾಡುತ್ತಾರೆಂದು ನನಗೆ ಗೊತ್ತು. ಫರಸಿಯ ಮೇಲೆ ಎಲೆಯ ಕಲೆ ಬಿದ್ದಿದೆ, ನಾಳೆ ತಿಕ್ಕಬೇಕು.

ಇವತ್ತು ಕೂಸನ್ನು ಸೂಜಿ ಹಾಕಿಸಲು ಎಲ್ಲರೂ ಒಟ್ಟಿಗೆ ಆಸ್ಪತ್ರೆಗೆ ಹೊರಟರು. ನಾನು ಶಾಲೆಗೆ. ಮನೆಯಲ್ಲಿ ಯಾರೂ ಇರುವುದಿಲ್ಲ ಎಂದು ಬಾಗಿಲಿಗೆ ಕೀಲಿ ಹುಡುಕಿದೆ. ಗೂಟದಲ್ಲಿ ಇಲ್ಲ, ಗೋಡೆಯ ಮಾಡದಲ್ಲಿ ಇಲ್ಲ. ಕೊನೆಗೆ ಕಂಡಿತು. ಗಾಳಿಗೆ ಲಾವಂಚದ ತಟ್ಟಿ ಹಾರದಿರಲಿ ಎಂದು ಹಸೀನಾ ಆ ಕಬ್ಬಿಣದ ಬೀಗವನ್ನು ಭಾರಕ್ಕೆಂದು ತಟ್ಟಿಯ ತುದಿಗೆ ಹಗ್ಗದಿಂದ ಕಟ್ಟಿದ್ದಾಳೆ. ಮೂರು ಹೊತ್ತು ನೀರು ಬಿದ್ದು ತುಕ್ಕು ಹಿಡಿದಿದೆ.

ಬಿಚ್ಚಿದರೆ ತಟ್ಟಿ ಹಾರುತ್ತದೆ. ಶಾಲೆಗೆ ತಡವೂ ಆಗಿತ್ತು. ಒಂದು ತಂಬಿಗೆ ನೀರು ಹಾಕಿ, ಬಾಗಿಲು ಸುಮ್ಮನೆ ಎಳೆದುಕೊಂಡು ಹೋದೆ.